ಐದನೆಯ ಸ್ಥಾನದ ಜಟ್ಟಿಗಳು

ನನ್ನ ಗಂಡ ಬದರಿನಾಥ್ ವರ್ಷಕ್ಕೆ ಒಂದೇ ದಿನ ಆಫೀಸಿಗೆ ಸುಳ್ಳು ಹೇಳುತ್ತಾರೆ. ಜನವರಿಯ ಒಂದು ಮಂಗಳವಾರ 'ಫ್ಯಾಮಿಲಿ ಕಮಿಟ್‌ಮೆಂಟ್' ಎಂದು ರಜೆ ಹಾಕಿ, ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಪರದೆ ಎಳೆದು ಟೀವಿ ಮುಂದೆ ಕೂರುತ್ತಾರೆ. ಆ ಕಮಿಟ್‌ಮೆಂಟಿನಲ್ಲಿ ಫ್ಯಾಮಿಲಿಯ ಪಾಲು ಇಷ್ಟೇ: ಕಾಫಿ ತಂದುಕೊಡಬೇಕು, ಟೀವಿಗೆ ಅಡ್ಡ ನಿಲ್ಲಬಾರದು. ನಾನು ಹಂಸಾ, ಆ ಫ್ಯಾಮಿಲಿ.

ಮದುವೆಗೆ ಮುಂಚೆ ಇವರು ನಾಲ್ಕು ವರ್ಷ ಅಮೇರಿಕದ ಒಹಾಯೋದಲ್ಲಿದ್ದರು. ಅಲ್ಲಿಂದ ತಂದ ಆಸ್ತಿ ಎರಡು, ಒಂದು ಡಿಗ್ರಿ, ಇನ್ನೊಂದು ಅಲ್ಲಿನ ಕಾಲೇಜು ಫುಟ್‌ಬಾಲಿನ ಹುಚ್ಚು. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಆದರೆ ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಅದರ ಪೂರ್ತಿ ಕಥೆ ನನಗೆ ಬಾಯಿಪಾಠವಾಗಿದೆ.

ಅಲ್ಲಿ ಮೇಲ್ದರ್ಜೆಯಲ್ಲಿ ಆಡುವ ಕಾಲೇಜುಗಳೇ ನೂರಮೂವತ್ತಕ್ಕಿಂತ ಹೆಚ್ಚು. ಎಲ್ಲರೂ ಎಲ್ಲರ ಮೇಲೂ ಆಡಬೇಕೆಂದರೆ ಹುಡುಗರಿಗೆ ಮೊಮ್ಮಕ್ಕಳಾಗುತ್ತವೆ. ಹಾಗಾಗಿ ಗುಂಪು ಗುಂಪಾಗಿ ಆಡಿಕೊಂಡಮೇಲೆ, ಹನ್ನೆರಡು-ಹದಿಮೂರು ಜನರ ಒಂದು ಕಮಿಟಿ ಹೋಟೆಲ್ಲಿನ ಕೋಣೆಯಲ್ಲಿ ಕೂತು ಒಂದನೆಯವರು ಯಾರು, ಎರಡನೆಯವರು ಯಾರು ಎಂದು ಪಟ್ಟಿ ಬರೆಯುತ್ತದೆ. ಹನ್ನೆರಡು ತಂಡಕ್ಕೆ ಮುಂದಿನ ಆಟ. ಅವುಗಳಲ್ಲಿ ಮೊದಲ ನಾಲ್ಕಕ್ಕೆ ಮೊದಲ ಸುತ್ತಿನಲ್ಲಿ ವಿಶ್ರಾಂತಿ. ಸೋತವರು ಮನೆಗೆ. ಕೊನೆಗುಳಿದ ಎರಡು ತಂಡಗಳು, ವರ್ಷಗಳ ಹಿಂದೆಯೇ ಗೊತ್ತುಮಾಡಿದ ಯಾವುದೋ ಊರಿನ ಮೈದಾನದಲ್ಲಿ ಸೋಮವಾರ ರಾತ್ರಿ ಫೈನಲ್ ಆಡುತ್ತವೆ. ಅವರ ಸೋಮವಾರ ರಾತ್ರಿ ವೆಲ್ಲಿಂಗ್ಟನ್ನಿನ ನಮ್ಮ ಜಾನ್ಸನ್‌ವಿಲ್ ಬಡಾವಣೆಯಲ್ಲಿ ಮಂಗಳವಾರ ಮಧ್ಯಾಹ್ನ.

"ಬರೀ ಗೆದ್ರೆ ಸಾಲದು ಕಣೇ. ಯಾರ ಮೇಲೆ ಗೆದ್ರು, ಹೇಗೆ ಗೆದ್ರು ಅಂತ ಕಮಿಟಿ ತೂಗಿ ನೋಡತ್ತೆ," ಎನ್ನುತ್ತಾರೆ ಇವರು.

ಗೆದ್ದವರನ್ನು ಗೆದ್ದರು ಅನ್ನೋದಕ್ಕೂ ಒಂದು ಕಮಿಟಿಯೇ? ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಾನು ಸುಮ್ಮನಿದ್ದೆ. ಆ ದಾರಿ ನಮ್ಮನೆ ಬಾಗಿಲಿಗೇ ಬರುತ್ತದೆಂದು ನನಗೇನು ಗೊತ್ತು?

ನನ್ನ ಆಟ ಥ್ರೋಬಾಲ್. ಕಡೆಗೆ ಏಳು ಜನ, ನಡುವೆ ನೆಟ್ಟು. ಎರಡು ಕೈಯಲ್ಲಿ ಹಿಡಿಯಬೇಕು, ಒಂದೇ ಕೈಯಲ್ಲಿ ಎಸೆಯಬೇಕು, ಅಷ್ಟೇ. ವೆಲ್ಲಿಂಗ್ಟನ್ನಿನ ನಮ್ಮ ಕನ್ನಡ ಕೂಟದಲ್ಲಿ ಹೆಂಗಸರ ತಂಡಗಳೇ ಎಂಟಿವೆ. ನಮ್ಮದು ಜಾನ್ಸನ್‌ವಿಲ್ ಜಟ್ಟಿಗಳು. ಹೆಸರು ನಾನೇ ಇಟ್ಟಿದ್ದು. ನರ್ಸುಗಳು, ಇಬ್ಬರು ಟೀಚರು, ಒಬ್ಬಳು ಸಾಫ್ಟ್‌ವೇರು, ಎಲ್ಲರೂ ನಲವತ್ತು ದಾಟಿದವರು. ಹನ್ನೆರಡು ವರ್ಷದಿಂದ ಆಡುತ್ತಿದ್ದೇವೆ, ಒಂದು ಸಲವೂ ಫೈನಲ್ ಮುಖ ನೋಡಿಲ್ಲ.

ಇದು ನನ್ನ ಕೊನೆಯ ಸೀಸನ್ನು. ಫೆಬ್ರವರಿಯಲ್ಲಿ ನನ್ನ ಬಲಮಂಡಿಯ ಆಪರೇಷನ್ ಎಂದು ಆಸ್ಪತ್ರೆಯಿಂದ ಕಾಗದ ಬಂದಿತ್ತು. ನಾನು ಕೆಲಸ ಮಾಡುವುದೂ ಮೂಳೆ ವಾರ್ಡಿನಲ್ಲೇ. ನಮ್ಮ ಸರ್ಜನ್ ಕಡ್ಡಿ ಮುರಿದ ಹಾಗೆ ಹೇಳಿದ್ದರು, ಆಮೇಲೆ ಥ್ರೋಬಾಲ್ ಇಲ್ಲ, ವಾಕಿಂಗ್ ಮಾತ್ರ ಎಂದು. ಒಂದೇ ಒಂದು ಫೈನಲ್ ಆಡಬೇಕೆಂದು ನಾನು ಹಟ ಹಿಡಿದಿದ್ದೆ.

ನಿಜ ಹೇಳಬೇಕೆಂದರೆ ಕಪ್ಪಿನ ಆಸೆಯಲ್ಲ. ಈ ಹನ್ನೆರಡು ವರ್ಷದಲ್ಲಿ ನನ್ನ ಗಂಡ ನನ್ನ ಒಂದು ಆಟವನ್ನೂ ನೋಡಿಲ್ಲ. ಅಮೇರಿಕದ ಹತ್ತೊಂಬತ್ತು ವರ್ಷದ ಹುಡುಗನ ತೂಕ ಎಷ್ಟು, ಅವನ ಅಪ್ಪ ಯಾವ ಕಾಲೇಜಿಗೆ ಆಡಿದ್ದ ಎಲ್ಲ ಇವರಿಗೆ ಗೊತ್ತು. ನಾನು ಶನಿವಾರ ಬೆಳಿಗ್ಗೆ ಬೂಟು ಕಟ್ಟಿಕೊಂಡು ಹೊರಟರೆ "ಬರ್ತಾ ಹಾಲು ತಗೊಂಡ್ಬಾ" ಅನ್ನುತ್ತಾರೆ. ಈ ವರ್ಷ ಇವರೇ ಕೂಟದ ಕ್ರೀಡಾ ಅಧ್ಯಕ್ಷರು. ಫೈನಲ್ಲಿಗೆ ಅಧ್ಯಕ್ಷರು ಬರಲೇಬೇಕು, ಮೊದಲಿಂದ ಕೊನೆತನಕ ಮುಂದಿನ ಕುರ್ಚಿಯಲ್ಲಿ ಕೂರಬೇಕು. ನಾವು ಫೈನಲ್ಲಿಗೆ ಹೋದರೆ ಇವರು ನನ್ನನ್ನು ನೋಡದೆ ಎಲ್ಲಿಗೆ ಹೋಗುತ್ತಾರೆ ಎಂಬುದು ನನ್ನ ಲೆಕ್ಕ.

ಆದರೆ ಅಧ್ಯಕ್ಷರಾದದ್ದೇ ತಡ, ಇವರ ತಲೆಯಲ್ಲಿ ಅಮೇರಿಕ ಕುಣಿಯತೊಡಗಿತು. ಮೊದಲು ಎಲ್ಲರೂ ಎಲ್ಲರ ಮೇಲೂ ಆಡಿ, ಹೆಚ್ಚು ಗೆದ್ದ ಇಬ್ಬರು ಫೈನಲ್ ಆಡುತ್ತಿದ್ದೆವು. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತಿತ್ತು. ಅದೇ ಅದರ ದೋಷವಂತೆ. ಕೂಟದ ಸಭೆಯಲ್ಲಿ ಇವರು ನಲವತ್ತು ಸ್ಲೈಡ್ ತೋರಿಸಿದರು. ಇನ್ನುಮುಂದೆ ಪ್ರತಿ ತಂಡಕ್ಕೂ ಐದೇ ಮ್ಯಾಚು. ಆಮೇಲೆ ನಾಲ್ಕು ಜನರ ಆಯ್ಕೆ ಕಮಿಟಿ ಕೂತು ಎಂಟೂ ತಂಡಗಳಿಗೆ ಸ್ಥಾನ ಕೊಡುತ್ತದೆ. ಮೊದಲ ನಾಲ್ಕಕ್ಕೆ ಸೆಮಿಫೈನಲ್. ಫೈನಲ್ ಮಾತ್ರ ಯಾರ ಊರೂ ಅಲ್ಲದ ಲೆವಿನ್‌ನಲ್ಲಿ, ಇಲ್ಲಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ.

"ಇನ್ನೊಂದು ಮುಖ್ಯ ರೂಲು," ಎಂದು ಇವರು ಎದೆಯುಬ್ಬಿಸಿದರು. "ಕಮಿಟಿ ಮೆಂಬರಿಗೆ ಸಂಬಂಧಪಟ್ಟೋರು ಯಾವುದಾದ್ರೂ ಟೀಮಲ್ಲಿದ್ರೆ, ಆ ಟೀಮಿನ ಮಾತು ಬಂದಾಗ ಅವರು ರೂಮಿಂದ ಎದ್ದು ಹೋಗ್ಬೇಕು. ಅಮೇರಿಕದಲ್ಲೂ ಹೀಗೇನೇ. ಪಕ್ಷಪಾತಕ್ಕೆ ಜಾಗಾನೇ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ವೆಲ್ಲಿಂಗ್ಟನ್ನಿನ ಕನ್ನಡದವರಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಎಷ್ಟು ಜನರಿದ್ದಾರೆಂದು ಯಾರೂ ಯೋಚಿಸಲಿಲ್ಲ. ಅವಳ ಓರಗಿತ್ತಿ ಇವಳ ಅಕ್ಕ, ಇವನ ಭಾವಮೈದ ಅವನ ಷಡ್ಡಕ. ಒಬ್ಬರಿಗೆ ಸೀನು ಬಂದರೆ ಹತ್ತು ಮನೆಯಲ್ಲಿ ಕಷಾಯ ಕುದಿಯುತ್ತದೆ.

ಸೀಸನ್ನು ಶುರುವಾಯಿತು. ನಾವು ಐದಕ್ಕೆ ಐದೂ ಗೆದ್ದೆವು! ಹೇಗೆ ಗೆದ್ದೆವೆಂದು ನಮಗೇ ಗೊತ್ತಿಲ್ಲ. ಉಳಿದವರು ಓಡಿ ಓಡಿ ಸುಸ್ತಾದರು, ನಾವು ಓಡಲಾಗದೆ ನಿಂತಲ್ಲೇ ನಿಂತು ಹಿಡಿದೆವು. ನ್ಯೂಲ್ಯಾಂಡ್ಸ್ ನವಿಲುಗಳು ಎಂಬ ಚಿಕ್ಕ ಹುಡುಗಿಯರ ತಂಡವೂ ಐದಕ್ಕೆ ಐದು ಗೆದ್ದಿತ್ತು. ನಮಗೂ ಅವರಿಗೂ ಮ್ಯಾಚು ಬಿದ್ದಿರಲಿಲ್ಲ. ಫೈನಲ್ಲಿನಲ್ಲಿ ನೋಡಿಕೊಳ್ಳೋಣ ಎಂದು ಅವರ ನಾಯಕಿ ಪೂರ್ವಿಗೆ ನಾನೇ ಸವಾಲು ಹಾಕಿದ್ದೆ.

ಭಾನುವಾರ ಮಧ್ಯಾಹ್ನ ಕಮಿಟಿ ಸೇರಿದ್ದು ನಮ್ಮನೆಯಲ್ಲೇ. ನಾಲ್ವರಲ್ಲಿ ಒಬ್ಬರು ಇವರು. ಎರಡನೆಯವರು ವಾಸುದೇವ್, ಪೂರ್ವಿಯ ಅಪ್ಪ. ಅವರ ಹೆಂಡತಿ ನನ್ನ ತಂಡದಲ್ಲಿದ್ದಾಳೆ. ಮೂರನೆಯವರು ಚಂದ್ರಹಾಸ, ಅವರ ಹೆಂಡತಿ ಪೊರಿರುವಾ ತಂಡ, ನಾದಿನಿ ನನ್ನ ತಂಡ. ನಾಲ್ಕನೆಯವರು ರಾಮಮೂರ್ತಿ ಅಂಕಲ್. ಮೂವತ್ತೈದು ವರ್ಷದ ಹಿಂದೆ ಸರ್ವೇಯರ್ ಆಗಿ ಬಂದವರು, ಈಗ ರಿಟೈರ್ ಆಗಿದ್ದಾರೆ, ಮದುವೆ ಆಗಲಿಲ್ಲ. ಇಡೀ ವೆಲ್ಲಿಂಗ್ಟನ್ನಿನಲ್ಲಿ ಯಾರಿಗೂ ಏನೂ ಆಗಬೇಕಾದವರಲ್ಲ. ಥ್ರೋಬಾಲನ್ನು ಕಣ್ಣಾರೆ ಕಂಡವರೂ ಅಲ್ಲ.

ನಾನು ಅಡುಗೆಮನೆಯಲ್ಲಿ ನಿಪ್ಪಟ್ಟು ಜೋಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ನವಿಲುಗಳ ಮಾತು ಬಂತು, ವಾಸುದೇವ್ ಎದ್ದು ಹೊರಗಿನ ಮರದ ಜಗಲಿಗೆ, ಅಂದರೆ ಡೆಕ್ಕಿಗೆ ಹೋದರು. ಪೊರಿರುವಾ ಮಾತು ಬಂತು, ವಾಸುದೇವ್ ಒಳಗೆ, ಚಂದ್ರಹಾಸ ಹೊರಗೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಓಡಾಡಿದ ಹಾಗೆ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಮನೆಯೆಲ್ಲ ಗಾಳಿ ತುಂಬಿತು. ಕೊನೆಗೆ "ಜಾನ್ಸನ್‌ವಿಲ್ ಜಟ್ಟಿಗಳು" ಎಂದು ಓದಿದ್ದೇ ತಡ, ನನ್ನ ಗಂಡ ಪೆನ್ನು ಕೆಳಗಿಟ್ಟು ಎದ್ದರು. ಹಿಂದೆಯೇ ವಾಸುದೇವ್, ಅವರ ಹಿಂದೆ ಚಂದ್ರಹಾಸ. ಮೂವರೂ ಡೆಕ್ಕಿನ ಮೇಲೆ ಆ ದರಿದ್ರ ಗಾಳಿಗೆ ತಲೆಗೂದಲು ಹಾರಿಸಿಕೊಂಡು, ಕಾಫಿ ಲೋಟ ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಒಳಗೆ ಉಳಿದವರು ರಾಮಮೂರ್ತಿ ಅಂಕಲ್ ಒಬ್ಬರೇ, ಕೈಯಲ್ಲಿ ಪಟ್ಟಿ.

ನಾನು ಅವರಿಗೆ ಎರಡನೇ ಕಾಫಿ ತೆಗೆದುಕೊಂಡು ಹೋದೆ.

"ಏನಮ್ಮಾ, ಕುಂಟ್ತಾ ಇದೀಯಲ್ಲ?" ಎಂದರು.

"ಮಂಡಿ ಅಂಕಲ್. ಹಳೇದು."

"ನೋವಿದ್ಯಾ?"

"ಇದೆ. ಹತ್ತಕ್ಕೆ ಆರು ಅನ್ನಿ."

ನರ್ಸುಗಳ ಬಾಯಿ. ಹದಿನೆಂಟು ವರ್ಷದಿಂದ ದಿನಾ ರೋಗಿಗಳನ್ನು ಹತ್ತಕ್ಕೆ ಎಷ್ಟು ನೋವು ಎಂದು ಕೇಳಿ ಕೇಳಿ, ನನ್ನನ್ನು ಕೇಳಿದರೂ ಅಂಕಿಯೇ ಬರುತ್ತದೆ. ಅಂಕಲ್ ಮುಂದಿದ್ದ ಪಟ್ಟಿ ನನಗೆ ಕಾಣುತ್ತಿತ್ತು. ನಾವು ಐದಕ್ಕೆ ಐದು ಗೆದ್ದಿದ್ದೇವೆ ಅಂಕಲ್ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಕಮಿಟಿಯವರ ಕಿವಿ ಕಚ್ಚಿ ಗೆದ್ದಳು ಅನ್ನಿಸಿಕೊಳ್ಳುವುದು ಬೇಡವೆಂದು ನಿಪ್ಪಟ್ಟಿನ ತಟ್ಟೆ ಇಟ್ಟು ವಾಪಸ್ಸು ಬಂದೆ. ಇಪ್ಪತ್ತೆರಡು ವರ್ಷದಲ್ಲಿ ಇವರ ರೋಗ ನನಗೂ ಅಂಟಿತ್ತು.

ಮಂಗಳವಾರ ಸಂಜೆ ಜೂಮ್‌ನಲ್ಲಿ ಪಟ್ಟಿ ಪ್ರಕಟಣೆ. ಇವರು ಟೈ ಕಟ್ಟಿದ್ದರು, ಕೆಳಗೆ ಚಡ್ಡಿ. ಒಂದನೆಯ ಸ್ಥಾನ ನವಿಲುಗಳು. ಎರಡು ಪೊರಿರುವಾ. ಮೂರು ಲೋವರ್ ಹಟ್. ನಾಲ್ಕು ಕರೋರಿ, ಅವರು ಎರಡು ಮ್ಯಾಚು ಸೋತಿದ್ದವರು.

ಇವರು ಕೆಮ್ಮಿ, ಧ್ವನಿ ಒಂದಿಷ್ಟೂ ಬದಲಾಯಿಸದೆ ಓದಿದರು. "ಐದನೇ ಸ್ಥಾನ, ಜಾನ್ಸನ್‌ವಿಲ್ ಜಟ್ಟಿಗಳು. ಐದು ಪಂದ್ಯ, ಐದು ಗೆಲುವು. ಕಮಿಟಿಯ ಕಾರಣ: ನಾಯಕಿಯ ಮಂಡಿ ಸರಿಯಿಲ್ಲ. ನೋವು ಹತ್ತಕ್ಕೆ ಆರು."

ಐವತ್ತೆರಡು ಮನೆಯವರು ಕೇಳಿಸಿಕೊಂಡರು. ಯಾರೋ ಮ್ಯೂಟ್ ಮಾಡುವುದನ್ನು ಮರೆತು "ಅಯ್ಯೋ ಪಾಪ" ಎಂದರು. ಕೈಗೆ ಬಂದ ತುತ್ತನ್ನು ನಾನೇ ಕಾಫಿ ತಟ್ಟೆಯಲ್ಲಿಟ್ಟು ಕೊಟ್ಟುಬಂದಿದ್ದೆ.

ಐದು ನಿಮಿಷದಲ್ಲಿ ರಾಮಮೂರ್ತಿ ಅಂಕಲ್ ಫೋನು. "ಬೇಜಾರು ಮಾಡ್ಕೋಬೇಡಮ್ಮಾ. ನಿಂಗೆ ಸ್ವಲ್ಪ ರೆಸ್ಟ್ ಸಿಗಲಿ ಅಂತ್ಲೇ ಹಾಗೆ ಬರೆದೆ. ನಿಪ್ಪಟ್ಟು ಬಹಳ ಚೆನ್ನಾಗಿತ್ತು."

ಅವರನ್ನು ಹೇಗೆ ಬೈಯಲಿ? ಬೈಯಬೇಕಾದವರು ಅಡುಗೆಮನೆಯಲ್ಲಿ ಟೈ ಬಿಚ್ಚುತ್ತಿದ್ದರು.

"ರೀ, ನೀವು ಅಧ್ಯಕ್ಷರು. ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ನಾನು ರೂಮಲ್ಲೇ ಇರ್ಲಿಲ್ವಲ್ಲ ಹಂಸಾ! ಅದೇ ಕಣೇ ಈ ಸಿಸ್ಟಮ್ಮಿನ ಬ್ಯೂಟಿ."

"ಬ್ಯೂಟಿಗೆ ಬೆಂಕಿ ಬೀಳ್ಲಿ. ಒಂದೂ ಸೋಲದೇ ಇರೋರನ್ನ ಹೊರಗಿಡೋದು ಯಾವೂರ ನ್ಯಾಯ?"

"ಅಮೇರಿಕದಲ್ಲೂ ಹೀಗೇ ಆಗಿತ್ತು, ಗೊತ್ತಾ?" ಇವರ ಕಣ್ಣಲ್ಲಿ ಮಿಂಚು ಬಂತು. "ಒಂದೂ ಸೋಲದ ಟೀಮು. ಮುಖ್ಯ ಹುಡುಗನ ಕಾಲಿಗೆ ಏಟಾಯ್ತು ಅಂತ ಕಮಿಟಿ ಬಿಟ್ಟೇಬಿಡ್ತು. ಊರಿಗೂರೇ ಕಮಿಟಿಗೆ ಬೈತು. ಸೇಮ್ ಟು ಸೇಮ್!"

ಹೆಂಡತಿಯ ಹೊಟ್ಟೆ ಉರಿಯುತ್ತಿದ್ದರೆ ಇವರಿಗೆ ಅಮೇರಿಕದ ಹಾಗೇ ಆಯಿತೆಂದು ಸಂತೋಷ! ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದೆ.

"ಸರಿ. ಒಂದೇ ಒಂದು ಕೇಳ್ತೀನಿ. ನೀವು ಅವತ್ತು ಒಳಗೇ ಇದ್ದಿದ್ರೆ ನಮಗೆ ಎಷ್ಟನೇ ಸ್ಥಾನ ಕೊಡ್ತಿದ್ರಿ?"

ಇವರು ಯೋಚಿಸಿದರು. ನಿಜವಾಗಿ ಯೋಚಿಸಿದರು, ಅದೇ ಇವರ ಕರ್ಮ. "ಕೊಡೋಕಾಗ್ತಿರ್ಲಿಲ್ಲ. ಮ್ಯಾಚು ನೋಡದೇ ಸ್ಥಾನ ಹೇಗೆ ಕೊಡ್ಲಿ? ನಾನು ನಿನ್ನ ಮ್ಯಾಚು ಯಾವತ್ತೂ..."

ಅಲ್ಲಿಗೆ ನಿಲ್ಲಿಸಿದರು. ಮುಖ ಸಣ್ಣದಾಯಿತು. ನಾನು ಒಲೆ ಆರಿಸಿ ಮಹಡಿಗೆ ಹೋಗಿ ಮಲಗಿದೆ. ಅವತ್ತು ಇವರು ಏನು ತಿಂದರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಮುಂದಿನ ಶನಿವಾರಗಳಲ್ಲಿ ಸೆಮಿಫೈನಲ್ ಆಯಿತು, ಲೆವಿನ್‌ನಲ್ಲಿ ಫೈನಲ್ಲೂ ಆಯಿತು. ಯಾರ ಊರೂ ಅಲ್ಲದ್ದರಿಂದ ಯಾರೂ ಹೋಗಲಿಲ್ಲ. ಪ್ರೇಕ್ಷಕರು ಹನ್ನೊಂದು ಜನ, ಅದರಲ್ಲಿ ಒಬ್ಬ ಆಟದ ಹಾಲ್‌ನ ಬೀಗದ ಕೈ ಇಟ್ಟುಕೊಂಡ ಅಲ್ಲಿನ ಬಿಳಿಯ ಮುದುಕ, ಬೇಗ ಮುಗಿಸಿ ಎಂದು ಗಡಿಯಾರ ನೋಡುತ್ತಿದ್ದನಂತೆ. ನವಿಲುಗಳು ಗೆದ್ದರು. ಇವರು ಕಪ್ಪು ಕೊಟ್ಟು ಬಂದು, "ತುಂಬಾ ನ್ಯೂಟ್ರಲ್ ಆಗಿತ್ತು," ಎಂದು ಸಪ್ಪಗೆ ಹೇಳಿದರು.

ಭಾನುವಾರ ಬೆಳಿಗ್ಗೆ ಪೂರ್ವಿ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ನಮ್ಮನೆಗೆ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು.

"ಹಂಸಾ ಆಂಟಿ, ದಿಸ್ ಈಸ್ ನಾಟ್ ಫೇರ್. ಯು ಆರ್ ಅನ್‌ಬೀಟನ್. ನಿಮ್ಮನ್ನ ಸೋಲಿಸ್ದೆ ಇದು ನಂಗೆ ಬೇಡ. ಲೆಟ್ಸ್ ಪ್ಲೇ."

"ಯಾವಾಗ ಪುಟ್ಟಿ?"

"ಬುಧವಾರ ನಾನು ಡನೀಡಿನ್‌ಗೆ ಮೂವ್ ಆಗ್ತೀನಿ, ನ್ಯೂ ಸಿಟಿ, ನ್ಯೂ ಫ್ಲ್ಯಾಟ್. ಮಂಡೇಗೆ ಇಷ್ಟು ಬೇಗ ಎಲ್ರಿಗೂ ಲೀವ್ ಸಿಗಲ್ಲ, ಟ್ಯೂಸ್‌ಡೇ ಹಾಫ್ ಡೇ ಹಾಕ್ಬಹುದು. ಟ್ಯೂಸ್‌ಡೇ ಎರಡು ಗಂಟೆ, ಓಕೆ?"

ಮಂಗಳವಾರ ಎರಡು ಗಂಟೆ. ಇವರ ಅಮೇರಿಕದ ಫೈನಲ್ಲು ಶುರುವಾಗಿ ಅರ್ಧ ಗಂಟೆ. ಸೋಫಾದಲ್ಲಿದ್ದ ಇವರ ಕಡೆ ನಾನು ನೋಡಲೂ ಇಲ್ಲ. "ಓಕೆ," ಎಂದೆ.

ಮಂಗಳವಾರ ಒಂದೂವರೆಗೆ ಇವರು ಎಂದಿನಂತೆ ಪರದೆ ಎಳೆದರು. ನಾನು ಮಂಡಿಗೆ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಬನ್ನಿ ಎಂದು ಕರೆಯಬಹುದಿತ್ತು. ಹನ್ನೆರಡು ವರ್ಷ ಕರೆಯದವಳು ಇವತ್ತು ಯಾಕೆ ಕರೆಯಲಿ ಎಂದು ಬಾಗಿಲು ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಸ್ಕೂಲಿನ ಹಿಂದಿನ ನೆಟ್‌ಬಾಲ್ ಕೋರ್ಟಿನಲ್ಲಿ ಜಾತ್ರೆಯೇ ಸೇರಿತ್ತು. ಲೆವಿನ್‌ಗೆ ಹೋಗದವರೆಲ್ಲ ಇಲ್ಲಿದ್ದರು. ರಾಮಮೂರ್ತಿ ಅಂಕಲ್ ಮಡಚುವ ಕುರ್ಚಿ ತಂದು ಮುಂದೆಯೇ ಕೂತಿದ್ದರು. ಅಂಪೈರು ವಾಸುದೇವ್. ಈ ಕಡೆ ಹೆಂಡತಿ, ಆ ಕಡೆ ಮಗಳು, ಈ ಸಲ ಎದ್ದು ಹೋಗಲು ಡೆಕ್ಕೂ ಇಲ್ಲ. ಇಬ್ಬರೂ ಅವರನ್ನು ನಂಬಲಿಲ್ಲವಾದ್ದರಿಂದ ತೀರ್ಪು ಸರಿಯಾಗಿಯೇ ಬಂತು.

ಮೊದಲ ಸೆಟ್ಟು ನಮ್ಮದು, ಹದಿನೈದು ಹನ್ನೊಂದು. ಎರಡನೆಯದರಲ್ಲಿ ಹುಡುಗಿಯರು ನಮ್ಮನ್ನು ಬಟ್ಟೆ ಒಗೆದ ಹಾಗೆ ಒಗೆದರು. ಚೆಂಡನ್ನು ನನ್ನ ಬಲಮಂಡಿಯ ಪಕ್ಕಕ್ಕೇ ಹಾಕುತ್ತಿದ್ದಳು ಪೂರ್ವಿ, ಕನಿಕರವೇ ಇಲ್ಲದೆ. ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ ಉಕ್ಕಿತು. ಒಂಬತ್ತಕ್ಕೆ ಹದಿನೈದು.

ಮೂರನೇ ಸೆಟ್ಟಿಗೆ ಕಡೆ ಬದಲಾಯಿಸುವಾಗ ಬೇಲಿಯ ಹತ್ತಿರ ಒಹಾಯೋ ಕಾಲೇಜಿನ ಕೆಂಪು ಜೆರ್ಸಿ ಕಂಡಿತು. ಇವರು. ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ, ಕೈಯಲ್ಲಿ ಕಮಿಟಿಯ ನೋಟ್‌ಬುಕ್ಕು. ಟೀವಿಯಲ್ಲಿ ಆಟ ಅರ್ಧವೂ ಆಗಿರಲಾರದು. ಯಾವಾಗ ಬಂದರೋ, ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಮೊದಲ ಸರ್ವಿಸ್ಸು ನೆಟ್ಟಿಗೆ ಬಿತ್ತು.

ಆಮೇಲೆ ಆಡಿದೆ ನೋಡಿ! ನೋವು ಹತ್ತಕ್ಕೆ ಒಂಬತ್ತಿದ್ದಿರಬೇಕು, ಲೆಕ್ಕ ಹಾಕಲಿಲ್ಲ. ನಾಲ್ಕು ಪಾಯಿಂಟು ಒಂದೇ ಸಮ ನಾನೇ ಎಸೆದು ತಂದೆ. ಎಂಟಕ್ಕೆ ಎಂಟು, ಹನ್ನೊಂದಕ್ಕೆ ಹನ್ನೊಂದು, ಹದಿಮೂರಕ್ಕೆ ಹದಿಮೂರು. ಕೊನೆಗೆ ಪೂರ್ವಿ ಎಸೆದ ಚೆಂಡು ಬಲಕ್ಕೆ ಬಂತು, ಮಂಡಿ ಬಗ್ಗಲಿಲ್ಲ. ಇನ್ನೊಂದು ಎಡಕ್ಕೆ ಬಂತು, ಬೆರಳಿಗೆ ತಾಗಿ ಜಾರಿತು. ಹದಿಮೂರಕ್ಕೆ ಹದಿನೈದು. ಸೋತೆವು.

ಪೂರ್ವಿ ಓಡಿಬಂದು ಅಪ್ಪಿಕೊಂಡಳು. ಯಾರೋ ಎದುರಿನ ಅಂಗಡಿಯ ಫ್ರೀಜರಿನಿಂದ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ತಂದು ನನ್ನ ಮಂಡಿ ಮೇಲಿಟ್ಟರು. ನಾನು ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಇವರು ಬೇಲಿ ಸುತ್ತಿಕೊಂಡು ಬಂದರು. ಚಂದ್ರಹಾಸ ಫೋನು ತೋರಿಸಿ "ಬದರಿ ಸರ್, ಅಮೇರಿಕದ ಸ್ಕೋರು..." ಎಂದರು. ಇವರು ಕೈಯಲ್ಲೇ ಬೇಡವೆಂದು, ನನ್ನ ಮುಂದೆ ನಿಂತರು. ನೋಟ್‌ಬುಕ್ಕಿನ ಹಾಳೆ ಖಾಲಿಯಿತ್ತು.

"ಹಂಸಾ, ನೀನು ಎಡಗೈಯವಳಾ?"

ಎಡಗೈಯಲ್ಲಿ ಬಡಿಸಬಾರದು, ಎಡಗೈಯಲ್ಲಿ ಕೊಡಬಾರದು ಎಂದು ಚಿಕ್ಕಂದಿನಲ್ಲೇ ಅಮ್ಮ ಬೆತ್ತದಲ್ಲಿ ಹೊಡೆದು ನನ್ನನ್ನು ಬಲಗೈಗೆ ತಿದ್ದಿದ್ದಳು. ಅಡುಗೆ, ಬರಹ, ಇಂಜೆಕ್ಷನ್ನು, ಇವರಿಗೆ ಇಪ್ಪತ್ತೆರಡು ವರ್ಷ ಬಡಿಸಿದ್ದು ಎಲ್ಲವೂ ಬಲಗೈ. ಚೆಂಡು ಸಿಕ್ಕಿದಾಗ ಮಾತ್ರ ಎಡಗೈ ತಾನಾಗಿ ಮೇಲೇಳುತ್ತದೆ. ಅದು ನನ್ನ ತಂಡದವರಿಗೆ ಗೊತ್ತು, ಎದುರಾಳಿಗಳಿಗೆ ಗೊತ್ತು, ಪೂರ್ವಿಗೆ ಗೊತ್ತು.

"ಹೂಂ," ಎಂದೆ.

"ನಂಗೆ ಗೊತ್ತೇ ಇರ್ಲಿಲ್ಲ," ಎಂದರು ಇವರು, ಮೆಲ್ಲಗೆ. ನನ್ನ ಪಕ್ಕ ಕೂತು, ಜಾರುತ್ತಿದ್ದ ಬಟಾಣಿ ಪೊಟ್ಟಣವನ್ನು ಮಂಡಿಯ ಮೇಲೆ ಸರಿಯಾಗಿ ಒತ್ತಿ ಹಿಡಿದರು.

ನನಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ. ಸೋತಿದ್ದಕ್ಕೆ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಲು ಬಂದರು. ಹಾಗೇ ಅಂದುಕೊಳ್ಳಲಿ ಎಂದು ನಾನು ಅಳುತ್ತಲೇ ಕೂತೆ.